ಉಡದಾರ ಕಟ್ಟಿದ ಇರುವೆ

ಪಂಕ್ಚರ್ ಹಚ್ಚುವ ಸೊಲ್ಯೂಷನ್ನಿನ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೊದಲು ಮೂಗಿಗೆ ಚುರುಕ್ಕೆನ್ನುತ್ತದೆ, ಆಮೇಲೆ ಸಿಹಿಯಾಗುತ್ತದೆ, ಕೊನೆಗೆ ತಲೆಯೊಳಗೆ ಸಣ್ಣಗೆ ತಿರುಗುತ್ತದೆ. ಹೋದ ವಾರ ಸೂಪರ್ ಮಾರ್ಕೆಟ್ಟಿನಲ್ಲಿ ಕುಬಸದ ಬಟ್ಟೆ ತೆಗೆದುಕೊಂಡು ಆಟೋ ಹುಡುಕುತ್ತ ಬರುತ್ತಿದ್ದೆ. ಓಣಿಯ ತಿರುವಿನಲ್ಲಿ ಒಬ್ಬ ಮುದುಕ ಸೈಕಲ್ ಟ್ಯೂಬಿನ ಮೇಲೆ ಬೆರಳಿನಿಂದ ಸೊಲ್ಯೂಷನ್ ಸವರಿ, ಅದು ಆರಲೆಂದು ಉಫ್ ಉಫ್ ಊದುತ್ತಿದ್ದ. ಅಷ್ಟೇ ಸಾಕಾಯಿತು. ಕಾಲುಗಳು ಅಲ್ಲೇ ನಿಂತವು. ಹಿಂದಿನಿಂದ ಆಟೋದವನು "ಅಕ್ಕಾ, ಜರಾ ಬಾಜೂಕ ಸರೀರಿ, ರಸ್ತೆ ನಿಮ್ಮಪ್ಪಂದಲ್ಲ" ಅಂದ. ಸರಿದೆ, ಆದರೆ ಹೋಗಲಿಲ್ಲ. ಆ ಮುದುಕನಿಗೆ ನಾನು ಯಾರೋ ಮರುಳಿ ಅನ್ನಿಸಿರಬೇಕು, ಕೈಯಲ್ಲಿ ಸೈಕಲ್ ಇಲ್ಲ, ಟ್ಯೂಬ್ ಇಲ್ಲ, ಸುಮ್ಮನೆ ನಿಂತು ಮೂಗು ಅರಳಿಸುತ್ತಿದ್ದೇನೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಅದರ ಹಿಂದೆ ಒಂದು ಮನೆಯೂ ಇರುತ್ತದೆ. ನನ್ನ ವಾಸನೆಯ ಹಿಂದಿರುವ ಮನೆ ಕಮಲಾಪುರದಲ್ಲಿತ್ತು. ಅದು ನನ್ನ ಮನೆಯಾಗಿರಲಿಲ್ಲ, ನನ್ನ ತಂಗಿಯದು. ಆ ಹೊಟ್ಟೆಕಿಚ್ಚು ಇವತ್ತಿಗೂ ಆರಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಲಬುರಗಿಯಿಂದ ಹೋಗುವ ಬಸ್ಸು ಇಳಿದರೆ ಎದುರಿಗೇ ಮಾವನ ಸೈಕಲ್ ಅಂಗಡಿ, ಬಾಗಿಲಿಗೆ ಬಾಡಿಗೆ ಸೈಕಲ್ಲುಗಳ ಸಾಲು. ಮಾವನೆಂದರೆ ನಮ್ಮವ್ವನ ಅಣ್ಣ, ಹೆಸರು ಸಾಯಬಣ್ಣ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಬಾಗಿಲಿನ ಬದಲು ಗೋಣಿ ತಟ್ಟಿನ ಒಂದು ಪರದೆ. ಆ ಪರದೆ ದಾಟುವಾಗ ವಾಸನೆ ಬದಲಾಗುತ್ತಿತ್ತು. ಈಚೆ ಸೊಲ್ಯೂಷನ್ನು, ಚೈನಿನ ಎಣ್ಣೆ, ಬಿಸಿಲಿಗೆ ಕಾದ ಟೈರು. ಆಚೆ ಜೋಳದ ರೊಟ್ಟಿ ಬೇಯುವ ಹೊಗೆ, ಶೇಂಗಾ ಹಿಂಡಿಯ ಬೆಳ್ಳುಳ್ಳಿ, ತೊಲೆಗೆ ನೇತುಹಾಕಿದ ಕೆಂಪು ಬಾಳೆಗೊನೆ ಹಣ್ಣಾಗುವ ಘಮ. ಚಂದಮ್ಮತ್ತೆ ಒಲೆಯ ಮುಂದೆ ಕೂತೇ ಅಂಗಡಿಯ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು, ಪರದೆ ಸರಿಸುತ್ತಲೂ ಇರಲಿಲ್ಲ. ಯಾರ ಸೈಕಲ್ ಬಂತು ಅನ್ನುವುದು ಅವಳಿಗೆ ಬ್ರೇಕಿನ ಸದ್ದಿನಿಂದಲೇ ತಿಳಿಯುತ್ತಿತ್ತು. ನಾವು ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಕಡೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರಕಾರಿ ಕಚೇರಿಯಲ್ಲಿ ಜವಾನ. ನಮ್ಮ ಮನೆಗೆ ವಾಸನೆಯೇ ಇರಲಿಲ್ಲ. ಅವ್ವ ಎಷ್ಟು ತೊಳೆಯುತ್ತಿದ್ದಳೆಂದರೆ ನೆಲ ಸದಾ ಹಸಿಯಾಗಿರುತ್ತಿತ್ತು.

ಮಾವನಿಗೆ ಮೀನಿನ ಹುಚ್ಚು. ತಿನ್ನುವುದಕ್ಕಿಂತ ಹಿಡಿಯುವುದರ ಹುಚ್ಚು. ಸಂಜೆ ಅಂಗಡಿಯ ಹಲಗೆ ಹಾಕಿ ಬಿದಿರಿನ ಕೋಲು ಹೆಗಲಿಗಿಟ್ಟು ಕೆರೆಗೆ ಹೊರಟುಬಿಡುತ್ತಿದ್ದ. ಉಳಿದವರು ಎರೆಹುಳ, ಹಿಟ್ಟಿನುಂಡೆ ಹಚ್ಚಿ ಗಾಳವನ್ನು ನೀರಿನಾಳಕ್ಕೆ ಬಿಟ್ಟು ಬೀಡಿ ಸೇದುತ್ತ ಕೂಡುತ್ತಿದ್ದರು. ಮಾವನಿಗೆ ಆ ಕಾಯುವಿಕೆ ಆಗುತ್ತಿರಲಿಲ್ಲ. ಮಳೆ ಬಿದ್ದ ಸಂಜೆ ಇರುವೆಗಳಿಗೆ ರೆಕ್ಕೆ ಬಂದು ಹಿಂಡುಹಿಂಡಾಗಿ ಏಳುತ್ತವಲ್ಲ, ಅವು ಕೆರೆಯ ಮೇಲೆ ಬಿದ್ದಾಗ ಸಣ್ಣ ಬಿಳಿ ಮೀನುಗಳು ಹುಚ್ಚೆದ್ದು ಮೇಲೆ ಬರುವುದನ್ನು ಅವನು ಕಂಡಿದ್ದ. ಆದರೆ ಖರೇ ಇರುವೆಯನ್ನು ಗಾಳಕ್ಕೆ ಚುಚ್ಚಿದರೆ ಅದು ಎರಡು ತುಂಡು. ಹೀಗಾಗಿ ಇರುವೆಯನ್ನು ತಾನೇ ಮಾಡತೊಡಗಿದ. ಸವೆದ ಹವಾಯಿ ಚಪ್ಪಲಿಯ ಕರಿ ಅಟ್ಟೆ, ಅತ್ತೆಯ ಹೊಲಿಗೆ ಮಶೀನಿನ ಕರಿ ದಾರ, ಪಕ್ಕದ ಮನೆ ಹುಂಜದ ಕುತ್ತಿಗೆಯ ಗರಿ, ಅಂಗಡಿಯ ಸೊಲ್ಯೂಷನ್ನು, ಇಷ್ಟೇ ಸಾಮಾನು. ಅಟ್ಟೆ ನೀರು ಕುಡಿಯುವುದಿಲ್ಲ, ತೇಲುತ್ತದೆ. ಇರುವೆ ಮುಳುಗದೆ ನೀರಿನ ಮೈಮೇಲೆ ಕೂತಿರುತ್ತದೆ. ಮಾವ ಕೋಲನ್ನು ಸುಯ್ಯೆಂದು ಬೀಸಿ ಇರುವೆಯನ್ನು ಮೀನಿನ ಮೂಗಿನ ಮುಂದೆ ಇಳಿಸುತ್ತಿದ್ದ, ಕಚ್ಚದಿದ್ದರೆ ಎತ್ತಿ ಮತ್ತೊಂದು ಕಡೆ ಇಳಿಸುತ್ತಿದ್ದ. ಕೆರೆಯ ದಂಡೆಯ ಮೇಲಿನವರಿಗೆ ಇದು ದೊಡ್ಡ ಚೇಷ್ಟೆ. ಊರಲ್ಲಿ ಯಾರ ಚಪ್ಪಲಿ ಸವೆದರೂ "ಸಾಯಬಣ್ಣನ ಇರಿವಿಗಿ ಬಂತು ನೋಡು" ಅಂತ ಅಂಗಡಿಯ ಮುಂದೆ ಎಸೆದು ಹೋಗುತ್ತಿದ್ದರು.

ಮಾವನಿಗೂ ಅತ್ತೆಗೂ ಮಕ್ಕಳಾಗಲಿಲ್ಲ. ನನಗೆ ಏಳು ವರ್ಷ, ತಂಗಿ ಗಂಗೂಗೆ ನಾಲ್ಕು ಇದ್ದಾಗ ಅವರಿಬ್ಬರೂ ನಮ್ಮ ಮನೆಗೆ ಬಂದು ಒಂದು ಮಗುವನ್ನು ಕೇಳಿದರು. ಕೇಳುವುದಕ್ಕೆ ಬರುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು, ಅವ್ವ ಅಳುತ್ತ ಪಕ್ಕದ ಮನೆಯವಳಿಗೆ ಹೇಳಿದ್ದು ಕಿವಿಗೆ ಬಿದ್ದಿತ್ತು. ಆ ದಿನ ಯಾರೂ ಹೇಳದೆಯೇ ನಾನು ಮುಖ ತೊಳೆದು, ಎಣ್ಣೆ ಹಚ್ಚಿ ಹೆರಳು ಹಾಕಿಕೊಂಡು, ಹಳದಿ ಫ್ರಾಕು ತೊಟ್ಟು, ಪುಸ್ತಕದ ಚೀಲದೊಳಗೆ ಇನ್ನೊಂದು ಫ್ರಾಕು ತುರುಕಿ ಬಾಗಿಲ ಹಿಂದೆ ನಿಂತಿದ್ದೆ. ದೊಡ್ಡವಳು ನಾನು, ಕೆಲಸ ಬಲ್ಲವಳು ನಾನು, ಮಾವನ ಕೋಲು ಹಿಡಿದು ಕೆರೆಗೆ ಹೋದವಳು ನಾನು. ನನ್ನನ್ನು ಬಿಟ್ಟು ಇನ್ಯಾರನ್ನು ಒಯ್ಯುತ್ತಾರೆ? ಗಂಗೂ ಮೂಗು ಸುರಿಸಿಕೊಂಡು ಚಾಪೆಯ ಮೇಲೆ ಮಲಗಿದ್ದಳು. ಒಳಗಿನ ಕೋಣೆಯಲ್ಲಿ ದೊಡ್ಡವರು ಬಹಳ ಹೊತ್ತು ಸಣ್ಣ ದನಿಯಲ್ಲಿ ಮಾತಾಡಿದರು. ಆಮೇಲೆ ಅವ್ವ ಹೊರಗೆ ಬಂದಳು, ನನ್ನನ್ನು ದಾಟಿ ಹೋದಳು, ಮಲಗಿದ್ದ ಗಂಗೂನನ್ನು ಎತ್ತಿ ಅತ್ತೆಯ ಉಡಿಯಲ್ಲಿ ಹಾಕಿದಳು. ಅತ್ತೆ ಅವಳ ನಡದ ಹಳೆಯ ಉಡದಾರ ಬಿಚ್ಚಿ, ತಾನು ತಂದಿದ್ದ ಹೊಸ ಕರಿ ದಾರ ಕಟ್ಟಿದಳು. ಕೂಸು ಈಗ ಅವರದಾಯಿತು ಅನ್ನುವುದಕ್ಕೆ ಅದೇ ಗುರುತು. ಓಣಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡು "ಪಾಪ, ಸಣ್ಣಕೂಸು, ಕೊಟ್ಟುಬಿಟ್ರು" ಅಂದರು. ನಾನೂ ಅಳತೊಡಗಿದೆ, ಎಲ್ಲರಿಗಿಂತ ಜೋರಾಗಿ. ತಂಗಿ ಹೋಗುತ್ತಾಳೆಂದು ಅಳುತ್ತಿದೆ ಹುಡುಗಿ ಎಂದು ಅವರು ನನ್ನ ತಲೆ ಸವರಿದರು. ನನ್ನ ಹೊಟ್ಟೆ ಉರಿಯುತ್ತಿದ್ದುದು ಯಾರಿಗೂ ತಿಳಿಯಲಿಲ್ಲ.

ಅಂದಿನಿಂದ ನನ್ನ ಬೇಸಿಗೆ ರಜೆಗಳೆಲ್ಲ ಆ ಮನೆಯಲ್ಲಿ ಹೊಟ್ಟೆ ಉರಿಸಿಕೊಳ್ಳುವುದರಲ್ಲೇ ಹೋದವು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾವ ಇರುವೆ ಕಟ್ಟಲು ಕೂಡುತ್ತಿದ್ದ. ಗಾಳದ ಕೊಕ್ಕೆಯನ್ನು ಪಕ್ಕಡದ, ಅಂದರೆ ಇಕ್ಕಳದ, ಬಾಯಲ್ಲಿ ಹಿಡಿಸಿ, ಪಕ್ಕಡದ ಹಿಡಿಕೆಗಳಿಗೆ ಸೈಕಲ್ ಟ್ಯೂಬಿನ ಒಂದು ಉಂಗುರ ಏರಿಸಿಬಿಟ್ಟರೆ ಅದು ಬಿಡದೆ ಕಚ್ಚಿಕೊಂಡಿರುತ್ತಿತ್ತು. ಕೊಕ್ಕೆಯ ಮೈಗೆ ಮೊದಲು ದಾರ ಸುತ್ತಬೇಕು, ಇಲ್ಲವಾದರೆ ಅಟ್ಟೆ ಜಾರಿ ತಿರುಗುತ್ತದೆ. ಆಮೇಲೆ ಬ್ಲೇಡಿನಿಂದ ಅಟ್ಟೆಯ ಒಂದು ಸಣ್ಣ ಪಟ್ಟಿ ಕೊಯ್ಯಬೇಕು, ಕೊಕ್ಕೆಯ ಬಾಯಿ ಎಷ್ಟು ಅಗಲವೋ ಅಷ್ಟೇ ಅಗಲ. ಅದರ ತುದಿಯನ್ನು ಕೊಕ್ಕೆ ಬಾಗುವಲ್ಲಿ ಕಟ್ಟಿ, ಪಟ್ಟಿಯನ್ನು ಮುಂದಕ್ಕೆ ಮಡಚಿದರೆ ಉಬ್ಬಿಕೊಳ್ಳುತ್ತದೆ. ಅದು ಇರುವೆಯ ಹಿಂಭಾಗ. ಅಲ್ಲಿ ದಾರ ಬಿಗಿದರೆ ನಡ. ನಡಕ್ಕೆ ಹುಂಜದ ಗರಿಯನ್ನು ಎರಡು ಸುತ್ತು ಸುತ್ತಿದರೆ ಕಾಲು. ಉಳಿದ ಪಟ್ಟಿಯನ್ನು ಇನ್ನೊಮ್ಮೆ ಮಡಚಿ ಬಿಗಿದರೆ ತಲೆ. ಮಾವ ದಾರ ಬಿಗಿಯುವ ಆ ಗಂಟಿಗೆ ಉಡದಾರ ಅನ್ನುತ್ತಿದ್ದ. "ಇರಿವಿಗಿ ಉಡದಾರ ಬಿಗಿಬೇಕವ್ವಾ. ನಡ ಇರದಿದ್ರ ಅದು ಇರಿವಿ ಅಲ್ಲ, ಎಳ್ಳುಂಡಿ. ಮೀನಿಗಿ ಎಳ್ಳುಂಡಿ ಯಾಕ ಬೇಕು?" ಅನ್ನುತ್ತಿದ್ದ. ಗಂಟಿನ ಮೇಲೆ ಸೊಲ್ಯೂಷನ್ನಿನ ಒಂದು ಹನಿ, ಬೆನ್ನಿನ ಮೇಲೆ ಬಿಳಿ ಬಣ್ಣದ ಒಂದು ಚುಕ್ಕಿ. ಚುಕ್ಕಿ ಮೀನಿಗಲ್ಲ, ದೂರದಿಂದ ಇರುವೆ ಎಲ್ಲಿದೆಯೆಂದು ಕಾಣಲು ಮಾವನಿಗೆ. ಆ ಚುಕ್ಕಿ ಇಡುವ ಹಕ್ಕು ಗಂಗೂದು. ಅವಳು ಮಾವನ ಬಲಗಡೆ ಮಗ್ಗುಲಿಗೆ ಕೂಡುತ್ತಿದ್ದಳು, ಅವನ ಕೈ ಎತ್ತ ಹೋದರೆ ಅವಳ ಕಣ್ಣು ಅತ್ತ. ನಾನು ಎದುರಿಗೆ. ಎದುರಿಗೆ ಕೂತವಳಿಗೆ ಎಲ್ಲವೂ ತಿರುವುಮುರುವಾಗಿ ಕಾಣುತ್ತದೆ, ಕೈಗೆ ಹತ್ತುವುದಿಲ್ಲ. ಎಂಟು ವರ್ಷಕ್ಕೆಲ್ಲ ಗಂಗೂ ಪಕ್ಕಡ ತಾನೇ ಹಿಡಿದು ಮಾವನಿಗಿಂತ ಬೇಗ ಕಟ್ಟುತ್ತಿದ್ದಳು. ಅಷ್ಟು ಸಣ್ಣ ಹುಡುಗಿಗೆ ಆಟ ಬಿಟ್ಟು ಇದೇನು ಹಟ ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ಅವಳು ಮಾವನನ್ನು ಮೊದಮೊದಲು ನನ್ನ ಹಾಗೆಯೇ ಮಾವ ಅನ್ನುತ್ತಿದ್ದಳು. ಒಂದು ರಜೆಗೆ ಹೋದಾಗ ನೋಡುತ್ತೇನೆ, ಬಾಯಿ ತುಂಬ "ಯಪ್ಪಾ" ಅನ್ನುತ್ತಿದ್ದಾಳೆ. ನಮ್ಮಪ್ಪ ಅವಳಿಗೆ ಮಾವನಾಗಿದ್ದ, ನಮ್ಮವ್ವ ಅತ್ತೆಯಾಗಿದ್ದಳು. ಲೆಕ್ಕಕ್ಕೆ ಅದು ಸರಿಯೇ. ಆದರೆ ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತ "ಏ ಗಂಗೂ, ಈಕಿ ನಿನಗ ಅಕ್ಕ ಹೆಂಗಾಗ್ತಾಳ? ನೀ ಸಾಯಬಣ್ಣನ ಮಗಳು, ಈಕಿ ಸಾಯಬಣ್ಣನ ತಂಗಿ ಮಗಳು. ಈಕಿ ನಿನಗ ವೈನಿ" ಅಂದಳು. ನಮ್ಮ ಕಡೆ ಸೋದರತ್ತೆಯ ಮಗಳಿಗೆ, ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ಒಂದೇ ಹೊಟ್ಟೆಯಿಂದ ಬಂದವಳಿಗೆ ಅನ್ನುವುದಿಲ್ಲ. ಗಂಗೂಗೆ ಅದು ಚೇಷ್ಟೆಯಾಗಿ ಕಂಡಿತು, ಇಡೀ ದಿನ "ವೈನಿ, ನೀರು ಕೊಡ್ರಿ. ವೈನಿ, ಊಟಕ್ಕ ಬರ್ರಿ" ಅಂತ ರೀ ಹಚ್ಚಿ ಕುಣಿದಳು. ಅತ್ತೆ ನಕ್ಕಳು, ಮಾವನೂ ನಕ್ಕ. ನಾನು ಎದ್ದು ಒಳಗೆ ಹೋದೆ. ಮಾವನನ್ನು ಕಸಿದುಕೊಂಡದ್ದು ಸಾಲದೆಂದು ಈಗ ತಂಗಿಯನ್ನೂ ಕಸಿದುಕೊಂಡರಲ್ಲ ಎಂದು ಬಾಳೆಗೊನೆಯ ಕೆಳಗೆ ಕೂತು ಅತ್ತುಬಿಟ್ಟೆ. ಮಾವ ಒಂದು ಕೆಂಪು ಬಾಳೆಹಣ್ಣು ಕಿತ್ತುಕೊಟ್ಟು ಅಂಗಡಿಗೆ ಹೋದ. ಅವನಿಗೆ ಸಮಾಧಾನ ಮಾಡಲು ಬರುತ್ತಿದ್ದುದು ಅಷ್ಟೇ.

ಅದರ ಮರುವರ್ಷ ನಾನು ಸುಮ್ಮನೆ ಹೋಗಲಿಲ್ಲ. ನಮ್ಮ ಶಾಲೆಯ ಹಾದಿಯಲ್ಲಿ ಆಟೋಗಳಿಗೆ ಸೀಟು ಹೊಲಿಯುವವನ ಅಂಗಡಿಯಿತ್ತು. ಅದರ ಮುಂದೆ ಸ್ಪಂಜಿನ ಚೂರುಗಳು ರಾಶಿ ಬಿದ್ದಿರುತ್ತಿದ್ದವು. ಮೆತ್ತಗೆ, ಹಗುರ, ಬ್ಲೇಡು ಮುಟ್ಟಿಸಿದರೆ ಸಾಕು ಕೊಯ್ಯುತ್ತಿತ್ತು. ಕಮಲಾಪುರದವರು ಸವೆದ ಚಪ್ಪಲಿ ಹಿಡಿದು ಕೂತಿರಲಿ, ನನ್ನ ಹತ್ತಿರ ಕಲಬುರಗಿಯ ಸ್ಪಂಜಿದೆ ಎಂದು ಬೀಗಿದೆ. ಹಳದಿ ಸ್ಪಂಜಿಗೆ ಶಾಯಿ ಹಾಕಿ ಕರಿ ಮಾಡಿದೆ. ಅಪ್ಪನ ಪಕ್ಕಡ, ಅವ್ವನ ದಾರ. ಎದುರಿಗೆ ಕೂತು ನೋಡಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುಗಿಸಿ ಇಡೀ ಚಳಿಗಾಲ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಕೊನೆಗೆ ಒಂದು ಇರುವೆ ಮನಸ್ಸಿಗೆ ಬಂತು. ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಅದನ್ನು ಮಲಗಿಸಿಕೊಂಡು ಹೋದೆ. ಮಾವ ಅದನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದ. "ಅಬಬಾ, ಉಡದಾರ ಏನ್ ಬಿಗಿದೀಯವ್ವಾ ಶಾಂತೂ! ನಡಾ ನೋಡಿದ್ರ ಖರೇ ಇರಿವಿ ಹಂಗ ಅದ" ಅಂದ. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ಯಾರೂ ನನಗೆ ಹೇಳಿಲ್ಲ, ಆಮೇಲೆ ಮಾಸ್ತರಿಣಿಯಾಗಿ ಎಷ್ಟು ಹಾರ ಹಾಕಿಸಿಕೊಂಡರೂ. ಗಂಗೂ ಬಂದು ಅವನ ಅಂಗಿಯ ತುದಿ ಹಿಡಿದು ನಿಂತಳು. ನಿಂಗೂ ಹೊಟ್ಟೆ ಉರೀಲಿ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮೇ ತಿಂಗಳ ಕೊನೆಗೆ ಒಂದು ಅಡ್ಡಮಳೆ ಬಂತು. ಸಂಜೆ ಮೂವರೂ ಕೆರೆಗೆ ಹೋದೆವು. ನೀರಿನ ಮೇಲೆ ಬಿಳಿ ಮೀನುಗಳು ಪುಟುಪುಟು ಏಳುತ್ತಿದ್ದವು, ಗಾಳಿಯಲ್ಲಿ ಹಸಿ ಕರಿಮಣ್ಣಿನ ವಾಸನೆ. ಮಾವ ನನ್ನ ಇರುವೆಯನ್ನೇ ಮೊದಲು ಕಟ್ಟಿ ಬೀಸಿದ. ಅದು ಚೆನ್ನಾಗಿ ಇಳಿಯಿತು, ಒಂದು ಗಳಿಗೆ ನಿಂತಿತು. ಆಮೇಲೆ ಸ್ಪಂಜು ತನ್ನ ಬುದ್ಧಿ ತೋರಿಸಿತು. ಗಟಗಟ ನೀರು ಕುಡಿದು ನಿಧಾನ ಕೆಳಗಿಳಿಯಿತು, ಶಾಯಿ ಬಿಟ್ಟುಕೊಂಡು ಅದರ ಸುತ್ತ ನೀರು ನೀಲಿಯಾಯಿತು. ಮೀನುಗಳು ಅತ್ತ ಸುಳಿಯಲಿಲ್ಲ. ಮಾವ ಎಳೆದುಕೊಂಡು, ಹಿಂಡಿ, ಇನ್ನೊಮ್ಮೆ ಬೀಸಿದ. ಮತ್ತೆ ಮುಳುಗಿತು. "ಇದು ನೀರು ಕುಡಿಯೋ ಇರಿವಿ ಅದ" ಅಂದ, ನಗಲಿಲ್ಲ. ಆಮೇಲೆ ಗಂಗೂ ಕಟ್ಟಿದ್ದನ್ನು ಹಾಕಿದ. ಅದು ನೀರಿನ ಮೇಲೆ ಕೂತದ್ದೇ ತಡ, ಛಳ್ ಅಂತ ಮೀನು ಕಚ್ಚಿತು. ಮಾವ "ನನ್ನ ಮಗಳು!" ಅಂತ ಕೂಗಿದ. ಅವಳು ಕಣ್ಣು ಮುಚ್ಚಿಕೊಂಡು ಎರಡೂ ಕೈ ಜೋಡಿಸಿ ನಿಂತಿದ್ದಳು. ಅದು ಅವಳ ಸೊಕ್ಕು ಅಂತ ನಾನು ತಿಳಿದೆ. ಆ ರಾತ್ರಿ ಮೀನು ಹುರಿದದ್ದನ್ನು ನಾನು ಮುಟ್ಟಲಿಲ್ಲ.

ದೊಡ್ಡವರಾದೆವು. ನನಗೆ ಕಲಬುರಗಿಯಲ್ಲಿ ಶಾಲೆಯ ನೌಕರಿ ಸಿಕ್ಕಿತು. ಗಂಗೂನನ್ನು ಶರಣಸಿರಸಗಿಗೆ ಕೊಟ್ಟರು, ಗಂಡ ಒಕ್ಕಲುತನ ಮಾಡುವವನು, ಒಳ್ಳೆಯವನು. ಬಾಡಿಗೆ ಸೈಕಲ್ ಒಯ್ಯುವವರು ಇಲ್ಲವಾದರು. ಮಾವನ ಅಂಗಡಿಯಲ್ಲಿ ಪಂಕ್ಚರ್ ಅಷ್ಟೇ ಉಳಿಯಿತು, ಕಣ್ಣು ಮಂಜಾಗಿ ಬಿಳಿ ಚುಕ್ಕಿಯೂ ಕಾಣದಾಯಿತು. ಅವನು ತೀರಿಕೊಂಡ ದಿನ ನಾನು ಬಸ್ಸಿಳಿದು ಓಡುತ್ತ ಹೋದೆ. ಅಂಗಡಿಯ ಮುಂದೆ ಮಂದಿ. ಹೆಂಗಸರು ಒಬ್ಬೊಬ್ಬರಾಗಿ ಗಂಗೂನನ್ನು ತಬ್ಬಿ "ಅಪ್ಪನ್ನ ಕಳಕೊಂಡ್ಯಲ್ಲವ್ವಾ" ಎಂದು ಅತ್ತರು. ನಾನೂ ಅಲ್ಲೇ ನಿಂತಿದ್ದೆ, ಅಳುತ್ತಲೇ ಇದ್ದೆ. ಯಾರೋ ನನ್ನ ಭುಜ ಮುಟ್ಟಿದರು, ತಿರುಗಿದೆ. "ಶಾಂತಾ, ಊರಿಂದ ಬಂದವರಿಗಿ ಚಾ ಆಗ್ಯಾದೇನು ನೋಡು" ಅಂದರು. ತಂಗಿಯ ಮಗಳಿಗೆ ಅಷ್ಟೇ ಪಾಲು. ಅತ್ತೆಯ ಒಲೆಯ ಮುಂದೆ ಕೂತು ಚಹಾ ಕುದಿಸಿದೆ, ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ಸತ್ತವನ ಮೇಲೆ ಇರುವ ದುಃಖದಲ್ಲೂ ಕೆಲವರಿಗೆ ಹಕ್ಕು, ಕೆಲವರಿಗೆ ಚಾಕರಿ. ಆಮೇಲೆ ಅತ್ತೆ ಮಗಳ ಹತ್ತಿರ ಹೋದಳು, ಎರಡು ಮಳೆಗಾಲ ಕಳೆದು ಅವಳೂ ಹೋದಳು. ರಸ್ತೆ ಅಗಲವಾದಾಗ ಅಂಗಡಿ, ಪರದೆ, ಬಾಳೆಗೊನೆ ತೂಗುತ್ತಿದ್ದ ತೊಲೆ ಎಲ್ಲ ಹೋದವು. ಈಗ ಬೀದರ ಕಡೆ ಹೋಗುವಾಗ ಅವರ ಅಡುಗೆಮನೆಯಿದ್ದ ಜಾಗದ ಮೇಲೆ ನಮ್ಮ ಬಸ್ಸು ಹಾದುಹೋಗುತ್ತದೆ. ಕಿಟಕಿಯ ಪಕ್ಕ ಕೂತರೂ ಎಲ್ಲಿತ್ತೆಂದು ಗುರುತು ಹತ್ತುವುದಿಲ್ಲ.

ಹೋದ ವಾರವೇ ಒಂದು ದಿನ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದಾಗ ಒಬ್ಬ ವಿದೇಶದವನು ಕಣ್ಣಿಗೆ ಬಿದ್ದ. ಮೇಜಿಗೆ ತಿರುಪು ಹಾಕಿ ಕೂರಿಸಿದ ಹೊಳೆಯುವ ಹಿಡಿ, ದೀಪ, ಭೂತಗನ್ನಡಿ. ಕರಿ ಫೋಮಿನ ಪಟ್ಟಿಯನ್ನು ಮಡಚಿ, ನಡಕ್ಕೆ ದಾರ ಬಿಗಿದು, ಕೋಳಿಗರಿ ಸುತ್ತಿ, ಬೆನ್ನಿಗೆ ಬಣ್ಣದ ಗುರುತಿಟ್ಟು ಎತ್ತಿ ತೋರಿಸಿದ. ಅದಕ್ಕೆ ಫೋಮ್ ಆ್ಯಂಟ್ ಅಂತ ಹೆಸರಂತೆ. ಲಕ್ಷಾಂತರ ಮಂದಿ ಅದನ್ನು ಮೆಚ್ಚಿದ್ದರು. ನನಗೆ ಅವನ ಮೇಲೂ ಹೊಟ್ಟೆ ಉರಿಯಿತು. ನಮ್ಮ ಮಾವನಿಗೆ ಮೆಚ್ಚಲು ಯಾರಿದ್ದರು, ಕೆರೆಯ ಮೇಲಿನ ಬೀಡಿ ಸೇದುವವರು ಬಿಟ್ಟರೆ? ಹೀಗೆ ಒಳಗೆ ಕುದಿಯುತ್ತಿದ್ದಾಗಲೇ ಸೂಪರ್ ಮಾರ್ಕೆಟ್ಟಿನ ಆ ಸೊಲ್ಯೂಷನ್ ವಾಸನೆ ಬಂದದ್ದು. ಮನೆಗೆ ಹೋಗಬೇಕಾದವಳು ಆಟೋ ಹತ್ತಿ ಶರಣಸಿರಸಗಿ ಅಂದೆ.

ಗಂಗೂ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಅವರ ಹೊಲದಾಚೆ ಹೊಸ ಲೇಔಟಿನ ಕಲ್ಲುಗಳು ಸಾಲಾಗಿ ನಿಂತಿವೆ. "ಯಾಕಕ್ಕಾ, ಫೋನ್ ಮಾಡದಂಗ ಬಂದಿ? ಎಲ್ಲಾ ಆರಾಮ ಅದಲ್ಲ?" ಅಂತ ಮೊರ ಬದಿಗಿಟ್ಟಳು. "ಒಂದ್ ಇರಿವಿ ಕಟ್ಟಿಕೊಡು" ಅಂದೆ. ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಪಕ್ಕಡ, ಗಾಳ, ದಾರ ತಂದಳು. ಬಾಗಿಲ ಮೂಲೆಯ ಒಂದು ಹರಿದ ಚಪ್ಪಲಿ ಎಳೆದುಕೊಂಡು ಬ್ಲೇಡು ಹಾಕಿದಳು. ಕೈ ದಪ್ಪವಾಗಿತ್ತು, ಉಗುರಿನಲ್ಲಿ ಮಣ್ಣಿತ್ತು, ಆದರೆ ಬೆರಳು ಓಡುವ ರೀತಿ ಮಾವನದೇ. ನಾನು ಎದುರಿಗೆ ಕೂತಿದ್ದೆ. ನೋಡುತ್ತ ನೋಡುತ್ತ ಬಾಯಿಂದ ಬಂದೇಬಿಟ್ಟಿತು.

"ನೀ ಪುಣ್ಯಾ ಮಾಡಿದ್ದಿ ಗಂಗೂ. ಅಂಥಾ ಮನಿ ಸಿಕ್ಕಿತು ನಿನಗ. ಮಾವ ಬಾಯಿಮಾತಿಗಾದ್ರೂ ನನ್ನ ಕೇಳಲಿಲ್ಲ ನೋಡು. ಬಾಗಲ ಹಿಂದ ಚೀಲ ಹಿಡಕೊಂಡು ನಿಂತಿದ್ದೆ ನಾ."

ಗಂಗೂನ ಕೈ ನಿಂತಿತು. ದಾರ ಬಿಗಿಹಿಡಿದುಕೊಂಡೇ "ನಿನಗ ಯಾರೂ ಹೇಳಿಲ್ಲೇನು?" ಅಂದಳು.

"ಏನು?"

"ಅಪ್ಪ ನಿನ್ನೇ ಕೇಳಿದ್ದ."

ಅಂಗಳದಲ್ಲಿ ಒಂದು ಕೋಳಿ ತೊಗರಿಯ ರಾಶಿಗೆ ಬಾಯಿ ಹಾಕಿತು, ಅವಳು ಅದನ್ನು ಓಡಿಸಲಿಲ್ಲ. "ಅವ್ವ, ನಿಮ್ಮತ್ತಿ, ಒಮ್ಮಿ ಕಟ್ಟಿ ಮ್ಯಾಲ ಕುಂತು ಬಾಜೂಮನಿ ಮುದುಕಿಗಿ ಹೇಳಾಕತ್ತಿದ್ದಳು. ನಾ ಒಳಗ ಜ್ವಾಳ ಹಸನ ಮಾಡಾಕತ್ತಿದ್ದೆ. ಶಾಂತಾನ ಕೊಡ್ರಿ, ಕೆರಿಗಿ ಬರ್ತಾಳ, ನನ್ನ ಕೂಡ ಹೊಂದ್ಯಾಳ ಅಂತ ಅಪ್ಪ ಕೇಳಿದ್ನಂತ. ನಿಮ್ಮಪ್ಪ ಒಪ್ಪಲಿಲ್ಲಂತ. 'ದೊಡ್ಡಾಕಿ ಇಲ್ದ ನನಗ ಹೊತ್ತು ಹೋಗಂಗಿಲ್ಲ ಭಾವ, ಬೇಕಂದ್ರ ಸಣ್ಣಾಕಿನ್ನ ಒಯ್ರಿ' ಅಂದ್ನಂತ. ಇದನ್ನ ಕೇಳಿದಾಗ ನನಗ ಆರೇಳು ವರ್ಷ ಇರಬೇಕು." ನಿಮ್ಮಪ್ಪ ಅಂದಳು, ನಮ್ಮಪ್ಪ ಅನ್ನಲಿಲ್ಲ.

ನನಗೆ ಮೊದಲು ಏನಾಯಿತು ಗೊತ್ತೇ? ಖುಷಿಯಾಯಿತು. ಇಷ್ಟು ವಯಸ್ಸಾದ ಹೆಂಗಸು, ನಿವೃತ್ತಿಗೆ ಬಂದವಳು, ಎದೆಯೊಳಗೆ ಹಳದಿ ಫ್ರಾಕಿನ ಹುಡುಗಿ ಕುಣಿದುಬಿಟ್ಟಳು. ಕೇಳಿದ್ದ! ನನ್ನನ್ನೇ ಕೇಳಿದ್ದ! ಆ ಒಂದು ಮಾತಿಗಾಗಿ ನಾನು ಎಷ್ಟು ಬೇಸಿಗೆ ಉರಿದಿದ್ದೆ. ಆಮೇಲೆ ಗಂಗೂನ ಮುಖ ಕಂಡಿತು. ಒಂದೇ ದಿನ ಒಂದೇ ಕೋಣೆಯಲ್ಲಿ ಇಬ್ಬರು ಗಂಡಸರು ನಾನು ಬೇಕು ಅಂದಿದ್ದರು. ಚಾಪೆಯ ಮೇಲೆ ಮೂಗು ಸುರಿಸಿಕೊಂಡು ಮಲಗಿದ್ದವಳನ್ನು ಯಾರೂ ಬೇಕು ಅಂದಿರಲಿಲ್ಲ.

"ಪ್ರತಿ ಸೂಟಿಗಿ ನೀ ಬಸ್ ಇಳಿದು ಬರೋಮುಂದ ನನಗ ಜೀವ ಹಾರತಿತ್ತು" ಅಂದಳು ಗಂಗೂ. "ಈ ಸಲ ಬದಲಿ ಮಾಡ್ಕೋತಾರ, ಈಕಿನ್ನ ಇಟ್ಕೊಂಡು ನನ್ನ ಕಳಸ್ತಾರ ಅಂತ. ಅದಕ್ಕ ಇರಿವಿ ಕಟ್ಟೂದು ಕಲತೆ. ನಿನಗಿಂತ ಛಲೋ ಕಟ್ಟಬೇಕು, ಹಂಗ ಕಟ್ಟಿದ್ರ ಇಟ್ಕೋತಾರ ಅಂತ ತಿಳಕೊಂಡಿದ್ದೆ. ನೀ ಒಂದ್ ವರ್ಷ ಕಡ್ಡಿಪೆಟಿಗಿಯೊಳಗ ತಂದಿದ್ದಿ ನೋಡು, ಅವತ್ತು ಅನ್ನ ಇಳೀಲಿಲ್ಲ ನನಗ. ಅದು ಮುಳುಗಿತಲ್ಲ, ನಾ ದೇವರಿಗಿ ಕೈ ಮುಗದೆ." ಸಣ್ಣಗೆ ನಕ್ಕಳು. "ಅಪ್ಪ ಛಲೋ ನೋಡ್ಕೊಂಡ. ಏನೂ ಕಡಿಮಿ ಮಾ­ಡಲಿಲ್ಲ. ಆದ್ರ ಮನಸಿನಾಗ ಇದ್ದಾಕಿ ನೀನ ಅಂತ ನನಗ ಯಾವಾಗಲೂ ಅನಸ್ತಿತ್ತು. ಈಗ ಕೇಳೂಣಂದ್ರ ಅಂವ ಇಲ್ಲ."

ಅವನು ಇಲ್ಲ, ಅತ್ತೆ ಇಲ್ಲ, ಅಪ್ಪ, ಅವ್ವ ಇಲ್ಲ, ಮನೆಯ ಗೋಡೆಯೂ ಇಲ್ಲ. ಆ ಮನೆಯೊಳಗೆ ಏನು ನಡೆಯಿತು ಎಂದು ಸಾಕ್ಷಿ ಹೇಳಲು ಉಳಿದವಳು ನಾನೊಬ್ಬಳು. ನಾನು ಹೊಟ್ಟೆ ಉರಿದುಕೊಂಡೇ ನೋಡಿದವಳು. ಪ್ರೀತಿಯಿಂದ ನೋಡುವವರು ಒಂದಿಷ್ಟು ಮರೆಯುತ್ತಾರೆ, ನಾನು ಒಂದನ್ನೂ ಮರೆತಿಲ್ಲ.

"ಹುಚ್ಚಿ" ಅಂದೆ. "ಆ ಮನ್ಯಾಗ ನಾ ಬ್ಯಾರೆ ಏನ್ ನೋಡೀನಿ? ಅಂವ ನಿನ್ನ ಹೆಂಗ ನೋಡತಿದ್ದ ಅನ್ನೂದೊಂದೇ ನೋಡೀನಿ. ನೀ ಗಿರಣಿಗಿ ಹಿಟ್ಟು ಹಾಕಿಸ್ಕೊಂಡು ಬರಾಕ ಹೋದ್ರ ಅಂವ ಬಾಡಗಿ ಸೈಕಲ್ ಎಲ್ಲಾ ಬಾಜೂ ಸರಸ್ತಿದ್ದ. ಗಿರಾಕಿ ಸಲುವಾಗಿ ಅಂತ ತಿಳದೀದಿ? ರಸ್ತೆ ಕಾಣಬೇಕಂತ, ನೀ ಬರೂದು ಕಾಣಬೇಕಂತ. ನೀ ಬಂದಿಂದ ಮತ್ತ ತಿರುಗಿ ಇಡತಿದ್ದ."

ಗಂಗೂ ಪಕ್ಕಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಊಟಕ್ಕ ಕುಂತಾಗ ಮೀನಿನ ಮುಳ್ಳು ಬಿಡಿಸಿ ಇಬ್ಬರ ತಾಟಿಗೂ ಹಾಕತಿದ್ದ. ನಿನ್ನ ತಾಟಿಗಿ ಹಾಕೋಮುಂದ ಬೆರಳಿಲೆ ಇನ್ನೊಮ್ಮಿ ಒತ್ತಿ ನೋಡತಿದ್ದ, ಮುಳ್ಳು ಉಳದದೇನೋ ಅಂತ. ನನ್ನ ತಾಟಿಗಿ ಹಾಕೋಮುಂದ ಹಂಗ ನೋಡತಿರಲಿಲ್ಲ. ಒಂದ್ ದಿನಾನೂ ನೋಡಲಿಲ್ಲ. ನಾ ಕಾಯ್ಕೋತ ಕುಂಡರತಿದ್ದೆ, ಇವತ್ತರೆ ಒತ್ತಿ ನೋಡ್ತಾನೇನು ಅಂತ."

ಬಿಸಿಲು ಅಂಗಳದಿಂದ ಗೋಡೆಗೆ ಸರಿದಿತ್ತು. ಗಂಗೂ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇನ್ನೊಂದ್ ಹೇಳು" ಅಂದಳು.